ಸೀರಿ ಎಲ್ಲೈತಿ?

ಕೈಮಗ್ಗದ ಸೀರೆ ಮಾರುವ ವೆಬ್‌ಸೈಟೊಂದಕ್ಕೆ ಕಂಟೆಂಟ್ ಬರೆಯೋದು ನನ್ನ ಕೆಲಸವಾಗಿತ್ತು. ಅಲ್ಲಿ ಪ್ರತಿ ಚಿತ್ರದ ಜೊತೆ ‘ಆಲ್ಟ್ ಟೆಕ್ಸ್ಟ್’ ಅಂತ ಒಂದು ಖಾನೆ ಇರುತ್ತೆ. ಕಣ್ಣು ಕಾಣದವರಿಗೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದಿ ಹೇಳೋದು ಅದನ್ನೇ. ಡೆಡ್‌ಲೈನ್ ಹತ್ತಿರ ಬಂದಿತ್ತು. ‘ಸುಂದರವಾದ ಇಳಕಲ್ ಸೀರೆ’ ಅಂತ ಒಂದ್ಸಲ ಬರೆದು 18 ಚಿತ್ರಗಳಿಗೂ ಪೇಸ್ಟ್ ಮಾಡಿ ಕೈತೊಳೆದುಕೊಂಡೆ.

ಸೈಟನ್ನು ಪರೀಕ್ಷಿಸಿದವರು ಬಾಗಲಕೋಟೆ ಕಡೆಯ ನನ್ನ ಸಹೋದ್ಯೋಗಿ. ಅವರಿಗೆ ಕಣ್ಣು ಕಾಣೋದಿಲ್ಲ. ಹೆಡ್‌ಫೋನಿನಲ್ಲಿ 18 ಸಲ ‘ಸುಂದರ’ ಕೇಳಿಸಿಕೊಂಡು ನಗುತ್ತಲೇ ಅಂದ್ರು: “ಸುಂದರ ಅನ್ನೋದು ನಿಮ್ಮ ಅಭಿಪ್ರಾಯ ಆತ್ರಿ. ಸೀರಿ ಎಲ್ಲೈತಿ? ನಮ್ಮವ್ವಗ ಒಂದು ತಗೋಬೇಕಂತ ಮಾಡೀನಿ. ದಡಿ ಹೆಂಗೈತಿ, ಸೆರಗು ಹೆಂಗೈತಿ, ಹೇಳ್ರಿ.”

ಹೇಳೋಕೆ ಹೋದರೆ, ಆ ಸೀರೆಗಳನ್ನ ನಾನೇ ಸರಿಯಾಗಿ ನೋಡಿರಲಿಲ್ಲ! ಅವತ್ತು ಕೂತು ಒಂದೊಂದನ್ನೇ ನೋಡಿದೆ. ‘ಕಡುನೀಲಿ ಒಡಲು, ಕೆಂಪು ದಡಿ, ಕೆಂಪು ಸೆರಗಿನ ಮೇಲೆ ಬಿಳಿ ತೆನೆ.’ ಇಷ್ಟೇ ಸಾಕಿತ್ತು.

ಚಿತ್ರಗಳಿಗೆ ಪರ್ಯಾಯ ಪಠ್ಯ ಕೊಡಿ ಅನ್ನೋದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿ ತಂದ ಮಾರ್ಗಸೂಚಿಯ ಮೊಟ್ಟಮೊದಲ ಅಂಶ. ಪಾಲಿಸೋದು ಕಷ್ಟವೂ ಅಲ್ಲ. ಭೂತಗನ್ನಡಿಯ ಬಟನ್ನಿಗೆ ‘ಭೂತಗನ್ನಡಿ’ ಅಂತಲ್ಲ, ‘ಹುಡುಕಿ’ ಅಂತ ಬರೀಬೇಕು. ಅಲಂಕಾರಕ್ಕೆ ಹಾಕಿದ ಹೂಬಳ್ಳಿಗೆ ಖಾಲಿ ಆಲ್ಟ್ ಕೊಟ್ಟರೆ ಸ್ಕ್ರೀನ್ ರೀಡರ್ ಸುಮ್ಮನೆ ಮುಂದಕ್ಕೆ ಹೋಗುತ್ತೆ. ಆಲ್ಟನ್ನೇ ಬಿಟ್ಟುಬಿಟ್ಟರೆ ಎಷ್ಟೋ ಸಲ ಫೈಲಿನ ಹೆಸರು ಓದಿ ತಲೆ ತಿನ್ನುತ್ತೆ. ಮಾಡೆಲ್‌ನ ಮುಗುಳ್ನಗೆ, ಹಿಂದಿನ ಬಾಲ್ಕನಿ ಎಲ್ಲ ವರ್ಣಿಸೋದೂ ತಪ್ಪೇ. ನಾವು ಕಣ್ಣಾಡಿಸಿ ದಾಟಿಬಿಡೋದನ್ನ ಅವರು ಪೂರ್ತಿ ಕೇಳಬೇಕು.

ಕಷ್ಟ ಎದುರಾಗಿದ್ದು ಹನ್ನೊಂದನೇ ಚಿತ್ರದಲ್ಲಿ. ಸೆರಗಿನ ಹತ್ತಿರ ಒಂದು ಎಳೆ ಸಡಿಲವಾಗಿತ್ತು. ಜೂಮ್ ಮಾಡಿದರೆ ಸ್ಪಷ್ಟವಾಗಿ ಕಾಣ್ತಿತ್ತು. ಅದನ್ನೂ ಬರೆದೆ. ಮ್ಯಾನೇಜರ್ ಕೇಳಿದ್ರು: “ಅದ್ಯಾಕಪ್ಪಾ? ನೋಡೋರು ನೋಡ್ಕೋತಾರೆ ಬಿಡು.”

ನೋಡೋರು ನೋಡ್ಕೋತಾರೆ, ಸರಿ. ಕೇಳೋರು? ಬರೆಯದಿದ್ದರೆ ಸುಳ್ಳು ಹೇಳಿದಂತೇನೂ ಆಗಲ್ಲ ಅಂತ ನನಗೂ ಒಂದು ಗಳಿಗೆ ಅನ್ನಿಸಿತ್ತು. ಆದರೆ ಅವರ ಹತ್ತಿರ ಇರೋದು ನನ್ನ ಒಂದು ಸಾಲು ಮಾತ್ರ. ಅನುಮಾನ ಬಂದರೆ ಇನ್ನೊಮ್ಮೆ ತಿರುಗಿ ನೋಡೋಕೆ ಅವರಿಗೆ ದಾರಿ ಇಲ್ಲ. ಬೇರೆಯವರ ಕಣ್ಣಾಗಿ ನಿಂತ ಮೇಲೆ, ನಮಗೆ ಬೇಕಾದ್ದನ್ನಷ್ಟೇ ಕಾಣಿಸೋ ಹಕ್ಕು ನಮಗಿರಲ್ಲ. ಚೆನ್ನಾಗಿದೆಯಾ, ಬೇಕಾ ಬೇಡವಾ ಅನ್ನೋ ತೀರ್ಮಾನ ಅವರದ್ದು. ಅದಕ್ಕೆ ಬೇಕಾದಷ್ಟನ್ನ ನೆಟ್ಟಗೆ ಹೇಳೋದು ನಮ್ಮ ಕೆಲಸ.

ಮ್ಯಾನೇಜರಿಗೂ ಇದನ್ನೇ ಹೇಳಿದೆ. ಸಾಲು ಉಳೀತು.

ಸಹೋದ್ಯೋಗಿ 18ನ್ನೂ ಮತ್ತೆ ಕೇಳಿ, ಹನ್ನೊಂದನೇದಕ್ಕೆ ಬಂದು ನಿಂತ್ರು. “ಬಣ್ಣ ಅವ್ವಗ ಒಪ್ಪತೈತಿ. ಎಳಿ ಸಡಿಲೈತಿ ಅಂದ್ರ ರೇಟು ಒಂಚೂರು ಇಳಸಾಕ ಹೇಳ್ರಿ ಮತ್ತ!”