ಕೊಳದ ಬೀಗ

ಉಳವಿಯ ಕಡೆಯಿಂದ ಪಟ್ಟಣಕ್ಕೆ ಓದಲು ಹೋದ ನಾವು ಈಜುಕೊಳ ಅಂತ ಒಂದನ್ನು ಕಂಡಿದ್ದೇ ಹಾಸ್ಟೆಲ್ ಸೇರಿದ ಮೇಲೆ. ಅದಕ್ಕೆ ಮುಂಚೆ ಈಜಿದ್ದು ಕೆರೆಯಲ್ಲಿ, ಎಮ್ಮೆಯ ಬಾಲ ಹಿಡಿದು. ಅಪ್ಪನ ಕಾಲದಲ್ಲಿ ಎಮ್ಮೆ ಇಳಿಯುವ ದಂಡೆಯೇ ನಮ್ಮವರದು. ಮೆಟ್ಟಿಲಿದ್ದ ದಂಡೆ ಬೇರೆಯವರದು. "ಬೀಗ ಇಲ್ದೇನೆ ಮುಚ್ಚಿತ್ತು ಮಾರಾಯ" ಅನ್ನುತ್ತಾನೆ ಅಪ್ಪ. ಪಟ್ಟಣದ ಕೊಳದಲ್ಲಿ ಚೀಟಿ ಇದ್ದರೆ ಸಾಕು, ಯಾರ ಮಗ ಅಂತ ಯಾರೂ ಕೇಳಲಿಲ್ಲ. ನಮ್ಮ ಮೈ ಮುಟ್ಟಿದ ನೀರು ಎಲ್ಲರ ಮೈಯನ್ನೂ ಮುಟ್ಟಿತು.

ಈಗ ಅದಕ್ಕೆ ಬೀಗ. ಹಳೇದಾಯ್ತು, ಕೆಡವಿ ಹೊಸದು ಕಟ್ತೀವಿ ಅಂತ ಬೋರ್ಡು.

ಸುಳ್ಳು ಹೇಳಬಾರದು. ಗೋಡೆ ಬಿರುಕು ಬಿಟ್ಟು ನೀರು ಸೋರುತ್ತಿತ್ತು. ತಳದ ಹೆಂಚು ಎದ್ದು ಕಾಲು ಕುಯ್ಯುತ್ತಿತ್ತು. ನೀರು ಸೋಸುವ ಯಂತ್ರ ಕೆಟ್ಟ ದಿನ ಬರೀ ಕ್ಲೋರಿನ್ ಸುರಿದು ಕಣ್ಣು ಉರಿಸುತ್ತಿದ್ದರು. ಅಲ್ಲೊಂದು ಮಗು ಸತ್ತರೆ ಹೊಣೆ ಯಾರು? ಮುಚ್ಚಬೇಡಿ ಅನ್ನಲು ನಮಗೆ ಬಾಯಿಲ್ಲ. ಆದರೂ ಬೀಗ ಕಂಡರೆ ಎದೆ ಝಲ್ ಅನ್ನುತ್ತದೆ.

ಯಾಕೆಂದರೆ ನೀರಿಗೆ ಹಾಕಿದ ಬೀಗಕ್ಕೆ ಚರಿತ್ರೆಯಿದೆ. ಕೊಂಕಣದ ಮಹಾಡ್ ಪುರಸಭೆ 1924ರಲ್ಲಿ ಚವದಾರ್ ಕೆರೆ ಎಲ್ಲರದು ಎಂದಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದದ್ದೇ ತಡ, ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ನುಂಗಿಕೊಂಡಿತು. ಹೈಕೋರ್ಟಿನಲ್ಲಿ ನಮ್ಮ ಹಕ್ಕು ಗೆಲ್ಲಲು 1937 ಬರಬೇಕಾಯಿತು. ಅಮೆರಿಕದ ಜ್ಯಾಕ್ಸನ್ ನಗರದಲ್ಲಿ ಕಪ್ಪು ಜನರನ್ನೂ ಬಿಡಬೇಕು ಎಂಬ ತೀರ್ಪು ಬಂದಾಗ ನಗರಸಭೆ ಕೊಳಗಳನ್ನೇ ಮುಚ್ಚಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಐವರು ಅತ್ತ ನಾಲ್ವರು ಇತ್ತ, ಅದು ತಪ್ಪಲ್ಲ ಎಂದಿತು. ಕಪ್ಪು ಜನರಿಗೂ ಇಲ್ಲ, ಬಿಳಿಯರಿಗೂ ಇಲ್ಲ, ಸಮಾನತೆಯೇ ಆಯಿತಲ್ಲ! ಎಂಥ ಸಮಾನತೆ ಸ್ವಾಮಿ? ಒಂದು ಕೊಳ ಮಾತ್ರ ಖಾಸಗಿ ಸಂಸ್ಥೆಯ ಕೈಗೆ ಹೋಗಿ ಬಿಳಿಯರಿಗೇ ಉಳಿಯಿತು.

ನಮ್ಮ ಪಟ್ಟಣದ ಬೀಗದಲ್ಲಿ ಅಂಥ ವಿಷವಿಲ್ಲ, ಒಪ್ಪುತ್ತೇವೆ. ಆದರೆ 'ಎಲ್ಲರಿಗೂ ಮುಚ್ಚಿದ್ದೇವೆ' ಎಂಬ ಮಾತು ಇಲ್ಲೂ ಅಷ್ಟೇ ಪೊಳ್ಳು. ಉಳ್ಳವನಿಗೆ ಕ್ಲಬ್ಬಿನ ಕೊಳವಿದೆ. ನಮ್ಮ ಹುಡುಗರಿಗೆ ಉಳಿಯುವುದು ಕಲ್ಲುಕ್ವಾರಿ, ಕೃಷಿಹೊಂಡ. ಅಲ್ಲಿ ಈಜು ಕಲಿಸುವವರಿಲ್ಲ, ಮುಳುಗಿದರೆ ಎತ್ತುವವರೂ ಇಲ್ಲ. ಹೊಸದು ಬರುತ್ತೆ ಕಾಯ್ರಿ ಅನ್ನುತ್ತಾರೆ. ಕಾಯುವುದರಲ್ಲಿ ನಾವು ಪಳಗಿದವರು, ನಿಜ. ಆದರೆ ಹನ್ನೆರಡರ ಹುಡುಗ ಐದು ವರ್ಷ ಕಾದರೆ ಹದಿನೇಳಾಗುತ್ತಾನೆ. ಆ ಐದು ವರ್ಷಕ್ಕೆ ಯಾವ ಗುತ್ತಿಗೆದಾರ ಟೆಂಡರು ಹಾಕುತ್ತಾನೆ?

ಮುಚ್ಚುವವರು ತೆರೆಯುವ ದಿನವನ್ನೂ ಹೇಳಬೇಕು. ಅಲ್ಲಿಯವರೆಗೆ ನಮ್ಮ ಮಕ್ಕಳು ಎಲ್ಲಿ ಈಜಬೇಕು, ಅದನ್ನೂ ಹೇಳಬೇಕು. ಹೊಸ ಕೊಳದ ಚೀಟಿಗೆ ಎಷ್ಟು ದುಡ್ಡು ಅನ್ನುವುದನ್ನು ಅದೇ ಬೋರ್ಡಿನ ಮೇಲೆ ಈಗಲೇ ಬರೆಯಲಿ. ಕೆಳಗಡೆ ಜಾಗವಿದೆ, ನಾವು ನೋಡಿಕೊಂಡೇ ಬಂದಿದ್ದೇವೆ.