ಪುಡಿಯ ಬಲ ಯಾರದು?

ನಮ್ಮ ಮೊಹಲ್ಲಾದ ಹುಡುಗನೊಬ್ಬ ಜಿಮ್ಮಿನಿಂದ ಬಂದವನೇ ಬಿಳಿ ಪುಡಿಯ ಡಬ್ಬಿಯೊಂದನ್ನು ನಮ್ಮ ಮುಂದಿಟ್ಟು, "ಚಾಚಾ, ಈ ಕ್ರಿಯಾಟಿನ್ ಹಲಾಲೋ ಹರಾಮೋ?" ಎಂದು ಕೇಳಿದ. ಉತ್ತರ ಕಷ್ಟದ್ದಾಗಿರಲಿಲ್ಲ. 1832ರಲ್ಲಿ ಫ್ರಾನ್ಸಿನ ಶೆವ್ರಲ್ ಇದನ್ನು ಮಾಂಸದಲ್ಲಿ ಕಂಡುಹಿಡಿದದ್ದರಿಂದ, ಮಾಂಸ ಎಂಬರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಆದರೆ ಅಂಗಡಿಯಲ್ಲಿ ಸಿಗುವ ಪುಡಿ ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಾದದ್ದು. ಕ್ಯಾಪ್ಸೂಲಾದರೆ ಮಾತ್ರ ಹೊದಿಕೆಯ ಜೆಲಟಿನ್ ಯಾವ ಪ್ರಾಣಿಯದೆಂದು ವಿಚಾರಿಸಬೇಕು.

ಅವನು ಕೇಳದ ಪ್ರಶ್ನೆ ನಮ್ಮನ್ನು ಕಾಡಿತು. ಪುಡಿಯಿಂದ ಬಂದ ಬಲ ನಮ್ಮದೇ? ಮೋಸ ಎಂದುಬಿಡೋಣವೆಂದರೆ, ನಮ್ಮ ಶರೀರವೇ ದಿನಕ್ಕೆ ಸುಮಾರು 1 ಗ್ರಾಂ ಕ್ರಿಯಾಟಿನ್ ತಯಾರಿಸಿಕೊಳ್ಳುತ್ತದೆ. ಮಾಂಸ, ಮೀನು ತಿನ್ನುವವರಿಗೆ ಊಟದಲ್ಲೂ ಸಿಗುತ್ತದೆ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಅದು ಕಡಿಮೆ. ಪಕ್ಕದ ಮನೆಯ ಸಸ್ಯಾಹಾರಿ ಹುಡುಗ ದಿನಕ್ಕೆ 3ರಿಂದ 5 ಗ್ರಾಂ ಪುಡಿ ನುಂಗಿದರೆ, ಬಿರಿಯಾನಿ ತಿಂದು ಬೆಳೆದ ನಾವು ಯಾವ ಮುಖದಿಂದ ಬೆರಳು ತೋರಿಸುವುದು? ಒಲಿಂಪಿಕ್ಸ್‌ನ ನಿಷೇಧಿತ ಪಟ್ಟಿಯಲ್ಲೂ ಅದಿಲ್ಲ. ಮೇಲಾಗಿ, ಬೆವರು ಹರಿಸದೆ ಬರೀ ಪುಡಿ ನುಂಗಿದವನಿಗೆ ಹೆಚ್ಚಿನ ಲಾಭವೂ ಇಲ್ಲ; ಮೊದಲ ವಾರ ಏರುವ ತೂಕ ಬಹುಪಾಲು ಸ್ನಾಯುಗಳಲ್ಲಿ ನಿಂತ ನೀರು. (ಮೂತ್ರಪಿಂಡದ ತೊಂದರೆಯಿದ್ದವರು ಮೊದಲು ಡಾಕ್ಟರರನ್ನು ಕೇಳಲಿ.)

ಬಿರಿಯಾನಿಯಿಂದ ಬಂದರೂ ಡಬ್ಬಿಯಿಂದ ಬಂದರೂ ಬಲ ಅಮಾನತ್ತೇ ಎಂದು ನಂಬಿದವರು ನಾವು. ಅಮಾನತ್ತಿಗೆ ಲೆಕ್ಕ ಕೊಡಬೇಕು, ಎಲ್ಲಿ ಖರ್ಚಾಯಿತೆಂದು.

ಹುಡುಗನ ಅಬ್ಬಾ ಮಂಡಿಯಲ್ಲಿ ಮೂಟೆ ಹೊರುತ್ತಾರೆ. ಅಲ್ಲಿ ಗೋಡೆಗೆ ಕನ್ನಡಿಗಳಿಲ್ಲ. "ನಾಳೆ ಒಂದು ದಿನ ಅವರ ಜೊತೆ ಹೋಗಿ ಬಾ ಬೇಟಾ" ಎಂದೆವು.

ಅವನು ಡಬ್ಬಿ ಎತ್ತಿಕೊಂಡ. "ನಾಳೆ ಕಾಲಿನ ಕಸರತ್ತಿದೆ, ಚಾಚಾ."