ಒಂದು ವಾರದ ಬಿಡುವು

1964ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಜಾಕ್ಸನ್ ಜೈಲಿನಲ್ಲಿ ಕೆಲವು ಕೈದಿಗಳಿಗೆ ಹೊಸದೊಂದು ಔಷಧಿಯನ್ನು ಚುಚ್ಚಲಾಯಿತು. ಪಾರ್ಕ್ ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞ ಎರಡು ವರ್ಷದ ಹಿಂದೆ ತಯಾರಿಸಿದ್ದ ಅರಿವಳಿಕೆ ಅದು. ಕೈದಿಗಳ ಕಣ್ಣು ತೆರೆದೇ ಇತ್ತು, ಉಸಿರು ಆಡುತ್ತಿತ್ತು, ಅವರು ಮಾತ್ರ ಅಲ್ಲಿರಲಿಲ್ಲ. ಎಚ್ಚರವಾದ ಮೇಲೆ ಕೆಲವರು, ಬಾಹ್ಯಾಕಾಶದಲ್ಲಿ ತೇಲಿದಂತಿತ್ತು, ಕೈಕಾಲು ಇರುವುದೇ ತಿಳಿಯಲಿಲ್ಲ ಎಂದರು. ಪ್ರಯೋಗ ನಡೆಸಿದ ಎಡ್ವರ್ಡ್ ಡೊಮಿನೊ ಮನೆಗೆ ಹೋಗಿ ಹೆಂಡತಿಗೆ ಇದನ್ನು ವಿವರಿಸಿದಾಗ ಆಕೆ ಸೂಚಿಸಿದ ಪದವೇ ವೈದ್ಯಕೀಯದಲ್ಲಿ ಇಂದಿಗೂ ಉಳಿದಿದೆ: 'ಡಿಸೋಸಿಯೇಟಿವ್'. ತನ್ನಿಂದ ತಾನು ಕಳಚಿಕೊಳ್ಳುವುದು ಅಂತಿಟ್ಟುಕೊಳ್ಳಿ. ಔಷಧಿಯ ಹೆಸರು ಕೆಟಮಿನ್.

ಆ ಕೈದಿಗಳು ಒಪ್ಪಿಯೇ ತೋಳು ಚಾಚಿದ್ದರು. ಆದರೆ ಜೈಲಿನಲ್ಲಿ ಕೂತವನು ಹೇಳುವ 'ಆಗಲಿ'ಗೆ ಹೊರಗಿರುವವನ 'ಆಗಲಿ'ಯಷ್ಟೇ ತೂಕವಿದೆಯೇ ಎಂಬ ಅನುಮಾನ ಮುಂದೆ ಬಲವಾಯಿತು. 1970ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಕೈದಿಗಳ ಮೇಲಿನ ಇಂಥ ಪ್ರಯೋಗಗಳಿಗೆ ಬಹುಮಟ್ಟಿಗೆ ಕಡಿವಾಣ ಬಿತ್ತು. ಈ ಹಳೆಯ ಅನುಮಾನವನ್ನು ಈಗ ಕೆದಕಲು ಕಾರಣವಿದೆ. ಅದೇ ಕೆಟಮಿನ್ ಇಂದು ಬೇರೊಂದು ಬಗೆಯ ಗೋಡೆಯೊಳಗೆ ಸಿಕ್ಕಿಬಿದ್ದವರ ಎದುರಿಗೆ ಬಂದಿದೆ.

ನಡುವಿನ ಕಥೆ ಚಿಕ್ಕದು. 1970ರಲ್ಲಿ ಅನುಮತಿ ಸಿಕ್ಕಿತು, ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಬಳಕೆಯಾಯಿತು. ಉಸಿರಾಟವನ್ನು ಅಷ್ಟಾಗಿ ಕುಗ್ಗಿಸದ ಕಾರಣ ದೊಡ್ಡ ಯಂತ್ರಗಳಿಲ್ಲದ ಕಡೆ ಅದು ದೊಡ್ಡ ಆಸರೆ. ನಮ್ಮ ಸಣ್ಣ ಊರುಗಳ ಆಪರೇಷನ್ ಥಿಯೇಟರುಗಳಿಗೂ ಹಳೆಯ ಪರಿಚಯ. ಪಶುವೈದ್ಯರಿಗೂ ಬೇಕು, ಪಾರ್ಟಿಗಳಲ್ಲಿ ನಶೆ ಅರಸುವವರಿಗೂ ಬೇಕು. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು, ಅರಿವು ತಪ್ಪಿಸುವುದಕ್ಕಿಂತ ತೀರಾ ಕಡಿಮೆ ಪ್ರಮಾಣದಲ್ಲಿ, ಖಿನ್ನತೆಯ ಏಳು ರೋಗಿಗಳಿಗೆ ಇದನ್ನು ಡ್ರಿಪ್ಪಿನಲ್ಲಿ ಕೊಟ್ಟು ನೋಡಿದರು. ಮಾಮೂಲಿ ಮಾತ್ರೆಗಳು ವಾರಗಟ್ಟಲೆ ಕಾಯಿಸುವ ಬದಲಾವಣೆ ಮೂರು ದಿನದೊಳಗೆ ಕಂಡಿತು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಬೇರೆ ಔಷಧಿಗಳಿಂದ ಫಲ ಕಾಣದವರನ್ನೇ ಆರಿಸಿಕೊಂಡರು. ಕೆಟಮಿನ್ ಪಡೆದ 17 ಜನರಲ್ಲಿ 12 ಮಂದಿಗೆ ಮರುದಿನವೇ ಭಾರ ಇಳಿದಿತ್ತು. ಒಂದು ವಾರದವರೆಗೂ ಆ ಸ್ಥಿತಿ ಉಳಿದದ್ದು 6 ಮಂದಿಯಲ್ಲಿ.

ನನ್ನ ಪ್ರಶ್ನೆ ಇರುವುದು ಈ ಹನ್ನೆರಡಕ್ಕೂ ಆರಕ್ಕೂ ನಡುವೆ. ಆದರೆ ಅದಕ್ಕೆ ಮೊದಲು, ಹೆಚ್ಚು ಕೇಳಿಬರುವ ಇನ್ನೊಂದು ಪ್ರಶ್ನೆಯನ್ನು ದಾಟಬೇಕು. ವರ್ಷಾನುಗಟ್ಟಲೆ ಕಾಡಿದ ದುಃಖ ಒಂದು ಮಧ್ಯಾಹ್ನದಲ್ಲಿ ಸರಿದುಹೋದರೆ ಅದು ಗುಣವೇ, ಅಥವಾ ಮರೆವೇ? ದುಡಿಯದೆ ಬಂದ ನೆಮ್ಮದಿ ನಮ್ಮದಾಗುತ್ತದೆಯೇ? ಸಾಹಿತ್ಯ ಓದುವವರಿಗೆ ಈ ಪ್ರಶ್ನೆಯ ಸೆಳೆತ ಜಾಸ್ತಿ. ನವ್ಯದ ಕಾಲದಿಂದಲೂ ನಮ್ಮಲ್ಲಿ ವಿಷಾದಕ್ಕೊಂದು ಗೌರವವಿದೆ. ನೊಂದವನು ಆಳವಾದವನು ಎಂದು ನಂಬಿದ್ದೇವೆ. ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದ ಯೋಗ. ಆದರೆ ಗಮನಿಸಿ, ಅರ್ಜುನನ ವಿಷಾದ ಮಾತಿಗೆ ಕಿವಿಗೊಡುತ್ತದೆ. ಅವನು ಪ್ರಶ್ನೆ ಕೇಳುತ್ತಾನೆ, ಉತ್ತರಕ್ಕೆ ಕಾಯುತ್ತಾನೆ, ಹದಿನೆಂಟು ಅಧ್ಯಾಯ ಮುಗಿಯುವಷ್ಟರಲ್ಲಿ ಎದ್ದು ನಿಲ್ಲುತ್ತಾನೆ. ನಾನು ಹೇಳುತ್ತಿರುವ ಖಿನ್ನತೆಯಲ್ಲಿ ಮಾತು ಕಿವಿಯ ತನಕ ಹೋಗಿ ಅಲ್ಲೇ ನಿಂತುಬಿಡುತ್ತದೆ. ಸ್ನಾನ ಮಾಡುವುದೇ ಒಂದು ದಿನದ ಕೆಲಸವಾದವರಿಗೆ 'ನಿನ್ನ ದುಃಖದಿಂದ ಕಲಿ' ಎನ್ನುವುದು, ಕಾಲು ಮುರಿದವನಿಗೆ ಬೆಟ್ಟದ ಮೇಲಿನ ನೋಟವನ್ನು ವರ್ಣಿಸಿದ ಹಾಗೆ. ಹಲ್ಲುನೋವನ್ನು ದುಡಿದೇ ಕಳೆದುಕೊಳ್ಳಬೇಕೆಂದು ಯಾರೂ ಅನ್ನುವುದಿಲ್ಲ.

'ಚಿಕಿತ್ಸೆಗೆ ಬಗ್ಗದ ಖಿನ್ನತೆ' ಎಂಬ ಹೆಸರಿನಲ್ಲೂ ಇಂಥದ್ದೇ ಒಂದು ಅಡ್ಡಮಾತಿದೆ. ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ಕಾಲ ಕೊಟ್ಟ ಎರಡು ಔಷಧಿಗಳು ಸೋತರೆ ಈ ಹೆಸರು ಬೀಳುತ್ತದೆ. ಸೋತದ್ದು ಔಷಧಿ, ಬಗ್ಗಲಿಲ್ಲವೆಂಬ ದೂರು ಮಾತ್ರ ರೋಗದ ಮೇಲೆ, ಕೊನೆಗೆ ರೋಗಿಯ ಮೇಲೆ. ಅಮೆರಿಕದಲ್ಲಿ ಸುಮಾರು 4000 ಜನರನ್ನು ಒಳಗೊಂಡ 'ಸ್ಟಾರ್ ಡಿ' ಅಧ್ಯಯನದ ಲೆಕ್ಕದಂತೆ, ಒಂದಾದ ಮೇಲೊಂದು ನಾಲ್ಕು ಹಂತದ ಚಿಕಿತ್ಸೆಯ ಬಳಿಕವೂ ಸುಮಾರು ಮೂರರಲ್ಲೊಂದು ಪಾಲು ಜನ ಪೂರ್ತಿ ಚೇತರಿಸಿಕೊಂಡಿರಲಿಲ್ಲ. (ಆ ಲೆಕ್ಕವೂ ಉದಾರವಾಯಿತೆಂದು ಆಮೇಲೆ ತಕರಾರು ಎದ್ದಿದೆ.) ಇಷ್ಟು ಜನರನ್ನು ಹಟಮಾರಿಗಳ ಪಟ್ಟಿಗೆ ಸೇರಿಸುವುದು ಅನ್ಯಾಯ.

ಈಗ ಆ ಹನ್ನೆರಡು ಮತ್ತು ಆರು. ವಾರದೊಳಗೆ ಕತ್ತಲು ಮರಳಿ ಬಂದ ಉಳಿದ ಆರು ಜನರನ್ನು ಯೋಚಿಸಿ. ಮೊದಲು ಅವರಿಗೆ ಬೆಳಕು ಹೇಗಿತ್ತೆಂಬುದೇ ಮರೆತುಹೋಗಿತ್ತು, ಈಗ ನೆನಪಾಗಿದೆ. ಕೊಟ್ಟು ಕಿತ್ತುಕೊಳ್ಳುವುದಕ್ಕಿಂತ ಕೊಡದಿರುವುದೇ ಕರುಣೆಯಲ್ಲವೇ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಖಿನ್ನತೆ ಹೇಳುವ ಅತಿ ಕ್ರೂರವಾದ ಸುಳ್ಳು 'ಇದು ಬದಲಾಗದು' ಎಂಬುದು. ಒಂದು ವಾರ ಬದಲಾಗಿದ್ದವರ ಕೈಯಲ್ಲಿ ಆ ಸುಳ್ಳಿನ ವಿರುದ್ಧ ಒಂದು ಸಾಕ್ಷಿಯಾದರೂ ಇರುತ್ತದೆ. ಆದರೆ ಕೊಡುವವರು ಮೊದಲೇ ಏನು ಹೇಳಿ ಕೊಟ್ಟಿದ್ದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. 'ಗುಣವಾಗುತ್ತೀರಿ' ಎಂದು ಹೇಳಿಸಿಕೊಂಡವರಿಗೆ ಎಂಟನೆಯ ದಿನ ತಮ್ಮದೇ ಸೋಲಾಗಿ ಕಾಣುತ್ತದೆ. 'ಬಿಡುವು ಸಿಗಬಹುದು, ಆ ಬಿಡುವಿನಲ್ಲಿ ಏನು ಮಾಡಬಹುದೆಂದು ಜೊತೆಗೆ ಕೂತು ನೋಡೋಣ' ಎಂದು ಹೇಳಿಸಿಕೊಂಡವರಿಗೆ ಅದು ಬರಿಯ ಎಂಟನೆಯ ದಿನ.

ಮಾತಿನ ಈ ಬಲ ಎಷ್ಟೆಂಬುದಕ್ಕೆ 2023ರಲ್ಲಿ ಸ್ಟ್ಯಾನ್‌ಫೋರ್ಡ್‌ನಿಂದ ಪ್ರಕಟವಾದ ಅಧ್ಯಯನವೊಂದು ವಿಚಿತ್ರ ಸುಳಿವು ಕೊಟ್ಟಿತು. ಕೆಟಮಿನ್ ಪರೀಕ್ಷೆಗಳ ಹಳೆಯ ತೊಡಕೆಂದರೆ, ತೇಲುವ ಅನುಭವವಾದ ಕೂಡಲೇ ರೋಗಿಗೆ ತನಗೆ ಸಿಕ್ಕಿದ್ದು ಬರೀ ಉಪ್ಪುನೀರಲ್ಲವೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಈ ಸಂಶೋಧಕರು, ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಖಿನ್ನತೆಯ 40 ರೋಗಿಗಳಲ್ಲಿ ಕೆಲವರಿಗೆ ಕೆಟಮಿನ್, ಉಳಿದವರಿಗೆ ಉಪ್ಪುನೀರು ಕೊಟ್ಟರು. ಎರಡೂ ಗುಂಪಿನವರ ಖಿನ್ನತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಚೇತರಿಸಿಕೊಂಡವರು ತಮಗೆ ಕೆಟಮಿನ್ನೇ ಸಿಕ್ಕಿರಬೇಕೆಂದು ಊಹಿಸುತ್ತಿದ್ದರು. ಔಷಧಿಯೇ ಸುಳ್ಳೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಮಂಪರಿನಲ್ಲಿ ಮುಳುಗಿದ ಮಿದುಳಿನಲ್ಲಿ ಕೆಟಮಿನ್ ಬೇರೆಯೇ ರೀತಿ ವರ್ತಿಸಿರಲೂಬಹುದು. ಆದರೆ ಯಾರೋ ನಮ್ಮ ಬಗ್ಗೆ ಕಾಳಜಿಯಿಂದ ಏನೋ ಮಾಡುತ್ತಿದ್ದಾರೆ ಎಂಬ ನಿರೀಕ್ಷೆಯೂ ಔಷಧಿಯೊಂದಿಗೆ ರಕ್ತಕ್ಕಿಳಿಯುತ್ತದೆ ಎಂದು ನಾನು ಓದಿಕೊಂಡೆ.

ಹೀಗಿರುವಾಗ ಆ ನಿರೀಕ್ಷೆಯನ್ನು ಮಾರುವವರ ಹೊಣೆ ಸಣ್ಣದಲ್ಲ. ಹಳೆಯ ಕೆಟಮಿನ್ ಪೇಟೆಂಟ್ ಮುಗಿದ, ಅಗ್ಗದ ಸರಕು. ಅದರ ಅಣುವಿನ ಎರಡು ಕನ್ನಡಿರೂಪಗಳಲ್ಲಿ ಒಂದನ್ನಷ್ಟೇ ಬೇರ್ಪಡಿಸಿದ ಎಸ್‌ಕೆಟಮಿನ್, ಮೂಗಿನ ಸ್ಪ್ರೇ ಆಗಿ 2019ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಒಂದು ಸಲಕ್ಕೆ ನೂರಾರು ಡಾಲರ್ ಬೆಲೆ. ಇಂಗ್ಲೆಂಡಿನ ಔಷಧಿ ಮೌಲ್ಯಮಾಪನ ಸಂಸ್ಥೆ ಅದನ್ನು ಸರ್ಕಾರಿ ಆರೋಗ್ಯ ಸೇವೆಗೆ ಶಿಫಾರಸು ಮಾಡಲಿಲ್ಲ. ಇನ್ನೊಂದು ತುದಿಯಲ್ಲಿ ನಟ ಮ್ಯಾಥ್ಯೂ ಪೆರಿ. ಖಿನ್ನತೆಗೆ ಕೆಟಮಿನ್ ಚಿಕಿತ್ಸೆ ಪಡೆಯುತ್ತಿದ್ದ ಆತ ಅದರಾಚೆಗೂ ಅದನ್ನು ಸಂಪಾದಿಸಿ 2023ರ ಅಕ್ಟೋಬರಿನಲ್ಲಿ ತೀರಿಕೊಂಡ. ಅಕ್ರಮವಾಗಿ ಒದಗಿಸಿದವರಲ್ಲಿ ವೈದ್ಯರೂ ಇದ್ದರು, ತಪ್ಪೊಪ್ಪಿಕೊಂಡರು. ಎಲ್ಲ ಮಾತ್ರೆಗಳೂ ಸೋತವರು ಯಾವ ಕಾಗದ ಮುಂದಿಟ್ಟರೂ ಸಹಿ ಹಾಕುತ್ತಾರೆ. ಜಾಕ್ಸನ್ ಜೈಲಿನ ಅನುಮಾನ ಇಲ್ಲೂ ಸಲ್ಲುತ್ತದೆ. ಹಾಗೆಂದು ಅವರಿಗೆ ಆಯ್ಕೆಯ ಹಕ್ಕಿಲ್ಲ ಎನ್ನಲಾಗದು. ಅಷ್ಟು ಸುಲಭವಾಗಿ ಸಿಗುವ ಸಹಿಯನ್ನು ಪಡೆದುಕೊಂಡವರು ಆ ಸಹಿಯ ಮರೆಯಲ್ಲಿ ನಿಲ್ಲುವಂತಿಲ್ಲ, ಅಷ್ಟೇ.

ಎಸ್‌ಕೆಟಮಿನ್‌ನ ನಿಯಮಗಳಲ್ಲಿ ಒಂದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಔಷಧಿ ಪಡೆದವರು ಕನಿಷ್ಠ ಎರಡು ಗಂಟೆ ಅಲ್ಲೇ, ಆರೋಗ್ಯ ಸಿಬ್ಬಂದಿಯ ಕಣ್ಣೆದುರು ಇರಬೇಕು. ಮರುದಿನ, ಒಂದು ಒಳ್ಳೆಯ ನಿದ್ದೆ ಮುಗಿಯುವ ತನಕ, ಗಾಡಿ ಓಡಿಸುವಂತಿಲ್ಲ. ಎಂದರೆ ಮನೆಗೆ ಕರೆದೊಯ್ಯಲು ಯಾರಾದರೂ ಬರಬೇಕು. ವಾರಕ್ಕೆ ಎರಡು ಸಲ, ಮೊದಲ ನಾಲ್ಕು ವಾರ. ವರ್ಷಗಳ ಖಿನ್ನತೆಯಲ್ಲಿ ಫೋನು ಎತ್ತುವುದನ್ನೇ ಬಿಟ್ಟು, ಗೆಳೆಯರನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ಮನುಷ್ಯ, ಆ ಕಾಗದದಲ್ಲಿ 'ಜೊತೆಗೆ ಬರುವವರ ಹೆಸರು' ಎಂಬ ಗೆರೆಯ ಮುಂದೆ ಪೆನ್ನು ಹಿಡಿದು ಕೂತಿರುವುದನ್ನು ಊಹಿಸಿಕೊಳ್ಳಿ.